ಹೆಂಚು, ನಿಘಂಟುಗಳ ಆಚೆಗೂ ಬಾಸೆಲ್ ಮಿಷನ್ ಇದೆ

ಮಾನ್ಯ ಸಂಪಾದಕರೇ,

ಯುರೋಪಿನಿಂದ ಬಂದ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. 1834ರ ಅಕ್ಟೋಬರ್ 30ರಂದು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದದ್ದು, 1843ರಲ್ಲಿ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು, 1894ರಲ್ಲಿ ಕಿಟ್ಟೆಲ್ ನಿಘಂಟು ಹೊರಬಂದದ್ದು ಎಲ್ಲವೂ ಅದರಲ್ಲಿ ಇವೆ. ಖಾಕಿ ಬಣ್ಣ ಮಂಗಳೂರಿನ ನೇಯ್ಗೆ ಶಾಲೆಯಲ್ಲಿ ಹುಟ್ಟಿತೆಂಬ ಕಥೆಯನ್ನೂ ಲೇಖಕರು ಬಿಟ್ಟಿಲ್ಲ. ಆದರೆ ಎರಡು ಪುಟದ ಬರಹದಲ್ಲಿ ಒಂದೇ ಒಂದು ಹಳ್ಳಿಯ ಸಭೆಯ, ಅಂದರೆ ಊರಿನ ಕ್ರೈಸ್ತ ಸಮುದಾಯದ, ಹೆಸರಿಲ್ಲ. ಮಿಷನ್ ಇಲ್ಲಿಗೆ ಬಂದದ್ದು ಹೆಂಚು ಸುಡಲು ಎಂದು ಹೊಸ ಓದುಗರು ತಿಳಿದುಕೊಂಡರೆ ಅವರನ್ನು ದೂರುವಂತಿಲ್ಲ.

ನಾನು ಗುಳೇದಗುಡ್ಡದ ಸುತ್ತಿನ ಒಂದು ಹಳ್ಳಿಯವಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನಮ್ಮೂರಿನ ಸಭೆ ಮೂವತ್ತು ನಲವತ್ತು ಮನೆಗಳದ್ದು. ಸಭಾಪಾಲಕರು (ಪಾದ್ರಿ) ಪಟ್ಟಣದಿಂದ ಬರಬೇಕು; ಅವರಿಗೆ ಇನ್ನೂ ನಾಲ್ಕಾರು ಊರುಗಳ ಹೊಣೆ ಇದೆ. ಅವರು ಬಾರದ ಭಾನುವಾರ ಸಭಾ ಹಿರಿಯರಲ್ಲಿ ಒಬ್ಬರು ಪ್ರಸಂಗ ಓದುತ್ತಾರೆ, ಕಣ್ಣು ಮಂಜಾದ ಹಿರಿಯರ ಸರದಿ ಬಂದ ದಿನ ನಾನು ಓದುತ್ತೇನೆ. ದೇವಾಲಯದ (ಚರ್ಚಿನ) ಪಕ್ಕದ ಕೋಣೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ದೀಕ್ಷಾಸ್ನಾನ (ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ), ಮದುವೆ, ಮರಣದ ಪುಸ್ತಕಗಳು, ಕಾಣಿಕೆಯ ಲೆಕ್ಕ, ಸುಗ್ಗಿ ಹಬ್ಬದ ಹರಾಜಿನ ಲೆಕ್ಕ ಎಲ್ಲವೂ ಅದರೊಳಗಿವೆ. ಸಭಾ ಕಾರ್ಯದರ್ಶಿಯಾದ ಮೇಲೆ ಅದರ ಬೀಗದ ಕೈ ನನಗೆ ಬಂತು. ಈ ಪತ್ರವನ್ನು ಬರೆಯಿಸುತ್ತಿರುವುದು ಆ ಟ್ರಂಕು.

ಉತ್ತರ ಕರ್ನಾಟಕದಲ್ಲಿ ಮಿಷನ್ ಕಾಲಿಟ್ಟದ್ದು ಕರಾವಳಿಗಿಂತ ಬಹಳ ತಡವಾಗಿಯೇನೂ ಅಲ್ಲ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಗದಗದ ಬಳಿಯ ಮಲ್ಲಸಮುದ್ರ, 1851ರಲ್ಲಿ ಗುಳೇದಗುಡ್ಡ. ಇವುಗಳಲ್ಲಿ ಮಲ್ಲಸಮುದ್ರದ ಕಥೆ ವಿಚಿತ್ರವಾದದ್ದು. ಪಡುವಣದಿಂದ ಗುರುಗಳು ಬರುತ್ತಾರೆಂದು ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಒಂದು ಪಂಗಡದವರು ಹುಬ್ಬಳ್ಳಿಯ ಮಿಷನರಿಗಳ ಬಳಿಗೆ ತಾವಾಗಿಯೇ ಬಂದರು. ಮಿಷನರಿಗಳಿಗೆ ಆಕಾಶ ಮೂರೇ ಗೇಣು. ಭೂಮಿ ಪಡೆದು, ಬೇಸಾಯದ ವಸಾಹತನ್ನೇ ಕಟ್ಟಲು ಹೊರಟರು. ನಿರೀಕ್ಷಿಸಿದ ಜನಸಾಗರ ಬರಲಿಲ್ಲ. ಬಂದವರಲ್ಲೂ ಹೆಚ್ಚಿನವರು ಬಂದ ದಾರಿಯಲ್ಲೇ ಹಿಂದಿರುಗಿದರು. ಇಂಥ ಸೋಲುಗಳು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಕಾಣಸಿಗುವುದಿಲ್ಲ. ನನಗಂತೂ ಹೆಂಚಿನ ಕಾರ್ಖಾನೆಗಿಂತ ಮಲ್ಲಸಮುದ್ರದ ಕಥೆ ಹೆಚ್ಚು ಮನುಷ್ಯ ವಾಸನೆಯದ್ದಾಗಿ ಕಾಣುತ್ತದೆ.

ನಿಮ್ಮ ಲೇಖಕರು ಮಿಷನನ್ನು ಒಂದು ಕಡೆ 'ಲೂಥರನ್' ಎಂದೂ ಇನ್ನೊಂದು ಕಡೆ 'ಸ್ವಿಸ್' ಎಂದೂ ಕರೆದಿದ್ದಾರೆ. ಎರಡೂ ಅರ್ಧ ಸರಿ. 1815ರಲ್ಲಿ ಅದು ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿಯದು ರಿಫಾರ್ಮ್ಡ್ ಪರಂಪರೆ, ಲೂಥರನ್ ಪಂಗಡದಿಂದ ಬೇರೆಯಾದ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದ್ದು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಲೂಥರನ್ ಮನೆಗಳವರು, ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಎರಡು ಪಂಗಡಗಳ ಹಳೆಯ ಜಗಳವನ್ನು ಹಡಗು ಹತ್ತಿಸಬಾರದೆಂಬುದು ಮಿಷನ್ನಿನ ನಿಲುವಾಗಿತ್ತು. ಆದರೂ ಬಂದವರು ತಮ್ಮೂರಿನ ಅಭ್ಯಾಸಗಳನ್ನು ತಂದೇ ತಂದರು. ಮಕ್ಕಳಿಗೆ ಪ್ರಶ್ನೋತ್ತರ (ಪ್ರಶ್ನೆ ಉತ್ತರದ ರೂಪದ ಧರ್ಮಪಾಠ) ಬಾಯಿಪಾಠ ಮಾಡಿಸುವುದು, ದೃಢೀಕರಣಕ್ಕೆ (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ಸಭೆಯ ಮುಂದೆ ಒಪ್ಪಿಕೊಳ್ಳುವ ಸಂಸ್ಕಾರಕ್ಕೆ) ಮೊದಲು ತಿಂಗಳುಗಟ್ಟಲೆ ಪಾಠ, ಇಡೀ ಸಭೆ ಒಟ್ಟಾಗಿ ಹಾಡುವ ಉದ್ದನೆಯ ಜರ್ಮನ್ ರಾಗಗಳು ಬಂದದ್ದು ಹಾಗೆ. ನಮ್ಮೂರಿನಲ್ಲಿ ಹಾರ್ಮೋನಿಯಂ ಕೈಕೊಟ್ಟು ವರ್ಷಗಳೇ ಆದವು. ರಾಗ ಮಾತ್ರ ಕೈಕೊಟ್ಟಿಲ್ಲ, ಆದರೆ ಸ್ವಲ್ಪ ನಿಧಾನವಾಗಿದೆ.

ಜರ್ಮನಿಯ ಧರ್ಮಸುಧಾರಕ ಲೂಥರನ ಹೆಸರು ಬಂದದ್ದರಿಂದ ಒಂದು ಮಾತು. ಅವನೆಂದರೆ ಎಲ್ಲರಿಗೂ ಪಾಪಕ್ಷಮೆಯ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ 1517ರ ತೊಂಬತ್ತೈದು ವಾದಗಳು ನೆನಪಿಗೆ ಬರುತ್ತವೆ. ಹಳ್ಳಿಯ ಸಭೆಗಳ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಹನ್ನೆರಡು ವರ್ಷದ ನಂತರ ನಡೆಯಿತು. ಜರ್ಮನಿಯ ಸ್ಯಾಕ್ಸನಿ ಸೀಮೆಯ ಊರೂರಿನ ಸಭೆಗಳನ್ನು ತಪಾಸಣೆ ಮಾಡಿದಾಗ ಅಲ್ಲಿನ ಜನರಿಗೆ, ಎಷ್ಟೋ ಕಡೆ ಪಾದ್ರಿಗಳಿಗೂ, ಬೈಬಲಿನ ದಶಾಜ್ಞೆಗಳೇ ಗೊತ್ತಿರಲಿಲ್ಲ. ಅದನ್ನು ಕಂಡು ಬೇಸತ್ತ ಲೂಥರ್ 1529ರಲ್ಲಿ ಮನೆಯ ಯಜಮಾನ ತನ್ನ ಮಕ್ಕಳಿಗೂ ಆಳುಗಳಿಗೂ ಹೇಳಿಕೊಡುವಂಥ ಚಿಕ್ಕ ಪ್ರಶ್ನೋತ್ತರವನ್ನು ಬರೆದ. ವಿಟೆನ್‌ಬೆರ್ಗಿನ ಪ್ರಾಧ್ಯಾಪಕನಾಗಿದ್ದ ಅವನು ಹಳ್ಳಿಯನ್ನು ನೋಡದಿದ್ದರೆ ಆ ಪುಸ್ತಕ ಇರುತ್ತಿರಲಿಲ್ಲ. ಅವನ ಪರಂಪರೆಯವರ ಚರಿತ್ರೆ ಬರೆಯುವವರು ಹಳ್ಳಿಯನ್ನು ಅಡಿಟಿಪ್ಪಣಿಗೂ ಸೇರಿಸದಿದ್ದರೆ ಹೇಗೆ?

ಈಗ ಟ್ರಂಕಿನ ವಿಷಯ. ದೀಕ್ಷಾಸ್ನಾನದ ಪುಸ್ತಕದ ಒಂದು ಸಾಲಿನಲ್ಲಿ ಮೊದಲಿನ ಹೆಸರು, ಹೊಸ ಹೆಸರು, ತಂದೆ ತಾಯಿ, ಜಾತಿ, ಕಸುಬು, ಊರು, ಸಾಕ್ಷಿಗಳು ಇಷ್ಟೂ ಇರುತ್ತವೆ. ಕಸುಬಿನ ಕಲಮಿನಲ್ಲಿ ಪುಟದ ಮೇಲೆ ಪುಟ 'ನೇಕಾರ' ಎಂದೇ ಇದೆ. ಗುಳೇದಗುಡ್ಡದ ಖಣ ನೇಯುವ ಸೀಮೆಯಲ್ಲಿ ಇದೇನು ಆಶ್ಚರ್ಯವಲ್ಲ. ಆಶ್ಚರ್ಯವಾಗುವುದು ಊರಿನ ಕಲಮನ್ನು ನೋಡಿದಾಗ. 1876ರಿಂದ 1878ರವರೆಗಿನ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ಹೇಗೆ ನಲುಗಿತೆಂಬುದನ್ನು ಗೆಜೆಟಿಯರುಗಳಲ್ಲಿ ಓದಿದ್ದೆ. ಆ ವರ್ಷಗಳ ಪುಟ ತೆರೆದರೆ ಮಕ್ಕಳ ಹೆಸರುಗಳೇ ಒತ್ತೊತ್ತಾಗಿ ಬರುತ್ತವೆ. ತಂದೆಯ ಕಲಮು ಖಾಲಿ, ತಾಯಿಯ ಕಲಮು ಖಾಲಿ, ಕೆಲವರಿಗೆ ಊರೂ ಇಲ್ಲ. ವಯಸ್ಸಿನ ಮುಂದೆ 'ಸುಮಾರು'. ಅನಾಥಾಲಯದಲ್ಲಿ ಬೆಳೆದ ಆ ಮಕ್ಕಳೇ ಮುಂದೆ ಮದುವೆಯ ಪುಸ್ತಕದಲ್ಲಿ ವಧೂವರರಾಗಿ ಕಾಣುತ್ತಾರೆ, ಇನ್ನೂ ಮುಂದೆ ಸಭಾ ಹಿರಿಯರಾಗಿ ಸಹಿ ಹಾಕುತ್ತಾರೆ. ನಮ್ಮಲ್ಲಿ ಕೆಲವು ಮನೆತನಗಳಿಗೆ ಅಡ್ಡಹೆಸರೇ ಇಲ್ಲದಿರುವ ಕಾರಣ ನನಗೆ ತಿಳಿದದ್ದು ಆ ಖಾಲಿ ಕಲಮುಗಳಿಂದ. ಯಾವ ಮಿಷನರಿಯ ಜೀವನಚರಿತ್ರೆಯೂ ಇದನ್ನು ಹೇಳಿರಲಿಲ್ಲ.

1914ರ ಯುದ್ಧದ ನಂತರ ಪುಸ್ತಕದ ಕೈಬರಹ ಬದಲಾಗುತ್ತದೆ. ಜರ್ಮನ್ ಮಿಷನರಿಗಳನ್ನು ಸರಕಾರ ಶತ್ರು ದೇಶದವರೆಂದು ಹಿಡಿದು, ಸೇನೆಗೆ ಸೇರುವ ವಯಸ್ಸಿನವರನ್ನು ಅಹ್ಮದ್‌ನಗರದ ಶಿಬಿರದಲ್ಲಿ ಇರಿಸಿತು. ಉಳಿದವರನ್ನು ದೇಶ ಬಿಡಿಸಿತು. ಹೆಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ಪುಸ್ತಕ ನಿಲ್ಲುವುದಿಲ್ಲ. ಓರೆಯಾದ, ಚೂಪು ಮೂಲೆಗಳ ಮಿಷನರಿ ಬರಹ ಹೋಗಿ ಗುಂಡಗಿನ, ಶಾಲೆಯ ಹಲಗೆಯ ಮೇಲೆ ಬರೆಯುವಂಥ ಕನ್ನಡ ಅಕ್ಷರ ಬರುತ್ತದೆ. ಅದು ಉಪದೇಶಿಯ, ಅಂದರೆ ಸಭೆಯನ್ನು ನೋಡಿಕೊಳ್ಳುವ ಊರಿನ ಬೋಧಕನ, ಬರಹ. ಹಗಲು ಶಾಲೆ, ಸಂಜೆ ಪ್ರಾರ್ಥನೆ, ಭಾನುವಾರ ಆರಾಧನೆ, ನಡುವೆ ಸತ್ತವರ ಮಣ್ಣು, ಎಲ್ಲಕ್ಕೂ ಅವನೇ. ಸಂಬಳ ಬಂತೋ ಇಲ್ಲವೋ, ಲೆಕ್ಕದ ಪುಸ್ತಕದಲ್ಲಿ ಆ ತಿಂಗಳುಗಳ ಕಾಣಿಕೆ ದುಡ್ಡಿಗಿಂತ ಹೆಚ್ಚಾಗಿ ಜೋಳದ ಸೇರುಗಳಲ್ಲಿದೆ. ದೊರೆಗಳಿಲ್ಲದೆಯೂ ಸಭೆ ನಡೆದೀತೆಂದು ತೋರಿಸಿಕೊಟ್ಟವನು ಅವನು. ಅವನ ಫೋಟೋ ಎಲ್ಲೂ ಇಲ್ಲ. ಬಾಸೆಲಿನ ದಾಖಲೆ ಭಂಡಾರದಲ್ಲಿ ಸಾವಿರಾರು ಹಳೆಯ ಚಿತ್ರಗಳಿವೆ, ಅವುಗಳನ್ನು ಅಂತರ್ಜಾಲದಲ್ಲೇ ನೋಡಬಹುದು. ಅವುಗಳಲ್ಲಿ ಮಿಷನರಿಗಳಿಗೆ ಹೆಸರಿದೆ. ಪಕ್ಕದಲ್ಲಿ ನಿಂತವರು ಎಷ್ಟೋ ಕಡೆ ಬರೀ 'ಉಪದೇಶಿ'.

ಹೆಂಗಸರ ಪಾಡು ಅದಕ್ಕಿಂತ ಕಡೆ. ಮನೆಮನೆಗೆ ಹೋಗಿ ಓದು ಕಲಿಸಿದ ಬೈಬಲ್ ಸ್ತ್ರೀಯರು ನಮ್ಮ ಪುಸ್ತಕದಲ್ಲಿ 'ಇಂಥವನ ಹೆಂಡತಿ', 'ಇಂಥವನ ವಿಧವೆ' ಎಂದೇ ಬರುತ್ತಾರೆ. ಹೆಸರು ಬೇಕೆಂದರೆ ಅವರ ದೀಕ್ಷಾಸ್ನಾನದ ಸಾಲನ್ನೇ ಹುಡುಕಬೇಕು. ಹುಡುಕುತ್ತಿದ್ದೇನೆ.

1947ರ ಸೆಪ್ಟೆಂಬರ್ 27ರಂದು ಹಲವು ಪ್ರೊಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ದಕ್ಷಿಣ ಕನ್ನಡದ ಮತ್ತು ಮಲಬಾರಿನ ಬಾಸೆಲ್ ಸಭೆಗಳು ಸೇರಿದವು. ಮುಂಬೈ ಕರ್ನಾಟಕದ ನಾವು ತಡವಾಗಿ ಸೇರಿದೆವು. ಬಿಷಪರೆಂಬವರು ನಮ್ಮ ಹಿರಿಯರಿಗೆ ಹೊಸಬರು. ಆಗಿನ ವಾದವಿವಾದ ನಡಾವಳಿ ಪುಸ್ತಕದಲ್ಲಿ ಸೊಗಸಾಗಿದೆ, ಅದನ್ನು ಬರೆಯಹೊರಟರೆ ಈ ಪತ್ರ ಮುಗಿಯುವುದಿಲ್ಲ.

ನನ್ನ ಅಹವಾಲು ಇಷ್ಟು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆಯ ದಾಖಲೆಯ ನಕಲು ಸರಕಾರಕ್ಕೆ ಹೋಗುತ್ತದೆ. ದೀಕ್ಷಾಸ್ನಾನದ ಪುಸ್ತಕಕ್ಕೆ ಅಂಥ ಜೋಡಿ ಪ್ರತಿ ಇರಬೇಕೆಂಬ ನಿಯಮ ಆ ಕಾಯ್ದೆಯಲ್ಲಿಲ್ಲ. ಅದು ಗೆದ್ದಲಿಗೆ ಆಹಾರವಾದರೆ ಆ ಊರಿನ ಒಂದೂವರೆ ಶತಮಾನ ಹೋದಂತೆ. ಹೋಗುತ್ತಲೂ ಇದೆ. ಒಂದು ಸಭೆಯವರು ದೇವಾಲಯಕ್ಕೆ ಬಣ್ಣ ಬಳಿಯುವಾಗ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಿದರು, ತೂಕಕ್ಕೆ. ಇನ್ನೊಂದು ಕಡೆ ಹರಿದ ಹಾಳೆಗಳಿಗೆ ಸೆಲ್ಲೋಟೇಪು ಹಚ್ಚಿ ಇಟ್ಟಿದ್ದಾರೆ. ಅಂಟು ಹಳದಿಯಾಗಿ ಅಕ್ಷರವನ್ನು ತಿನ್ನುತ್ತಿದೆ. ಅದೇ ಸಭೆ ವಾರ್ಷಿಕೋತ್ಸವಕ್ಕೆ ಹೊಳೆಯುವ ಕಾಗದದ ಸ್ಮರಣ ಸಂಚಿಕೆ ಮುದ್ರಿಸಿತು. ಅದರ ಅರ್ಧ ಭಾಗ ಶುಭಾಶಯಗಳು, ಕಾಲು ಭಾಗ ಜಾಹೀರಾತು, ಉಳಿದದ್ದರಲ್ಲಿ ಹೆಬಿಕ್ ಮತ್ತು ಮೊಗ್ಲಿಂಗ್.

ಹಣದ ಅಡ್ಡಿ ಇದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಪುಟದ ಅಂಚೂ ಕಾಣುವಂತೆ ಮೊಬೈಲಿನಲ್ಲಿ ಚಿತ್ರ ತೆಗೆಯಬಹುದು. ದೃಢೀಕರಣದ ತರಗತಿಯ ಮಕ್ಕಳಿಗೆ ಈ ಕೆಲಸ ಕೊಟ್ಟೆ. ಪ್ರಶ್ನೋತ್ತರ ಕಲಿಯುವುದಕ್ಕಿಂತ ಹುರುಪಿನಿಂದ ಮಾಡಿದರು, ತಮ್ಮ ಮುತ್ತಜ್ಜನ ಸಾಲು ಸಿಕ್ಕಾಗ ಕೂಗಿದರು. ಪುಸ್ತಕಗಳನ್ನು ಲ್ಯಾಮಿನೇಟ್ ಮಾಡಬೇಡಿ, ಬಟ್ಟೆಯಲ್ಲಿ ಸುತ್ತಿ ನೆಲದಿಂದ ಎತ್ತರದಲ್ಲಿಡಿ. ಚಿತ್ರಗಳ ಒಂದು ಪ್ರತಿ ಸಭಾಪ್ರಾಂತ್ಯದ (ಬಿಷಪರ ಆಡಳಿತದ ಪ್ರಾಂತ್ಯದ) ಕಚೇರಿಗೆ, ಇನ್ನೊಂದು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿಗೆ ಹೋಗಲಿ. ಅಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರಗಳ ಸಂಗ್ರಹ ಈಗಾಗಲೇ ಇದೆ.

ಹುರುಪಿನ ಯುವಕರು ಎಲ್ಲವನ್ನೂ ಅಂತರ್ಜಾಲಕ್ಕೆ ಹಾಕೋಣ ಎನ್ನುತ್ತಾರೆ. ಬೇಡ. ಜಾತಿಯ ಕಲಮು ಇದೆ ಎಂಬುದನ್ನು ಮರೆಯಬಾರದು. ಯಾವುದನ್ನು ಬಿಟ್ಟುಬರಲು ಒಬ್ಬ ಮುತ್ತಜ್ಜ ಅಷ್ಟು ಕಷ್ಟಪಟ್ಟನೋ ಅದನ್ನು ಅವನ ಮರಿಮಗಳ ಹೆಸರಿಗೆ ಯಾರೋ ಅಂಟಿಸಿ ಹಂಚುವುದಕ್ಕೆ ನಾವು ದಾರಿ ಮಾಡಿಕೊಡಬಾರದು. ಹಳೆಯ ಪುಟಗಳನ್ನು ಸಂಶೋಧಕರು ಅನುಮತಿ ಪಡೆದು ನೋಡಲಿ. ಬದುಕಿರುವವರ ಪುಟಗಳು ಮುಚ್ಚಿಯೇ ಇರಲಿ. ವಯಸ್ಸಿನ ದಾಖಲೆಗೆಂದು ಬರುವ ಮುದುಕರಿಗೆ ಅವರ ಸಾಲಿನ ಪ್ರತಿ ಕೊಟ್ಟರೆ ಸಾಕು.

ನಿಮ್ಮ ಲೇಖನಮಾಲೆ ಮುಂದುವರಿಯುತ್ತದೆ ಎಂದು ಕೊನೆಯಲ್ಲಿ ಅಚ್ಚಾಗಿದೆ. ಬೆಟಗೇರಿಯ ಜರ್ಮನ್ ಆಸ್ಪತ್ರೆಯ ಬಗ್ಗೆ ಖಂಡಿತ ಬರೆಯಿರಿ, ಊರವರಿಗೆ ಅದು ಇಂದಿಗೂ ಅದೇ ಹೆಸರು. ಅದರ ಜೊತೆಗೆ ಬಾಗಲಕೋಟೆ, ಗದಗ, ಧಾರವಾಡ ಜಿಲ್ಲೆಗಳ ಹಳ್ಳಿಯ ಸಭೆಗಳಿಗೆ ವಾರಕ್ಕೊಂದು ಕಾಲಂ ಕೊಡಿ. ಪ್ರತಿ ಸಭೆಯ ಕಾರ್ಯದರ್ಶಿ ತನ್ನ ಪುಸ್ತಕದಿಂದ ಇನ್ನೂರು ಪದ ಬರೆದು ಕಳುಹಿಸಲಿ, ಮಿಷನರಿಗಳ ಹೆಸರು ಎರಡಕ್ಕಿಂತ ಹೆಚ್ಚು ಬರಬಾರದೆಂಬ ಷರತ್ತನ್ನೂ ಹಾಕಿ. ಮೊದಲ ಬರಹವನ್ನು ನಾನು ಕಳುಹಿಸುತ್ತೇನೆ. ಜೋಳದ ಸೇರಿನ ಲೆಕ್ಕದ ಪುಟದ ಚಿತ್ರವೂ ಅದರ ಜೊತೆಗಿರುತ್ತದೆ.

ಇತಿ,
ಒಬ್ಬ ಸಭಾ ಕಾರ್ಯದರ್ಶಿ, ನಿವೃತ್ತ ಶಿಕ್ಷಕಿ
ಗುಳೇದಗುಡ್ಡ ತಾಲ್ಲೂಕು, ಬಾಗಲಕೋಟೆ ಜಿಲ್ಲೆ