ಅರ್ಥಿಂಗ್ ಕೇಳುವವರೇ ಇಲ್ಲವೇ?

ಮಾನ್ಯರೆ,

ಕೂಲರ್ ಮುಟ್ಟಿ ಶಾಕ್ ಹೊಡೆದ ನಮ್ಮ ಓಣಿಯ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ಬಂದಿದೆ. ತಪ್ಪೆಲ್ಲ ಮನೆಯವರದೇ ಎಂದು ಅಧಿಕಾರಿಗಳು ಕೈತೊಳೆದುಕೊಂಡಿದ್ದಾರೆ. ಮೀಟರ್ ಕೂಡಿಸುವಾಗ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ನೋಡಬೇಕಾದವರು ಯಾರು? ಈಗ ಇಡೀ ಓಣಿಯ ಲೈನ್ ಕಟ್ ಮಾಡಿ ಹೋಗಿದ್ದಾರೆ. ಈ ಬಿಸಿಲಲ್ಲಿ ಫ್ಯಾನಿಲ್ಲ, ನಲ್ಲಿ ಬಂದ ದಿನವೇ ಮೋಟರ್ ಇಲ್ಲ, ಫ್ರಿಜ್‌ನಲ್ಲಿದ್ದ ಹಾಲು ಒಡೆದಿದೆ.

ತಗಡಿನ ಕೂಲರ್‌ನಲ್ಲಿ ಪಂಪು, ಅದರ ವೈರು ಎರಡೂ ನೀರಿನಲ್ಲೇ ಇರುತ್ತವೆ. ವೈರಿನ ಮೇಲಿನ ಹೊದಿಕೆ (ಇನ್ಸುಲೇಷನ್) ಒಡೆದರೆ ಕೂಲರ್‌ನ ತಗಡಿನ ಬಾಡಿಯಲ್ಲೆಲ್ಲ ಕರೆಂಟ್. ಅದು ನೆಲಕ್ಕೆ ಇಳಿದುಹೋಗಬೇಕಾದ್ದು ಸಾಕೆಟ್‌ನ ಮೇಲಿನ ದೊಡ್ಡ ತೂತಿನ ಅರ್ಥ್ ವೈರಿನಲ್ಲಿ. ಎಷ್ಟೋ ಮನೆಗಳಲ್ಲಿ ಅಲ್ಲಿ ವೈರೇ ಇಲ್ಲ. ಕೆಲವರು ಹಸಿರು ಅರ್ಥ್ ವೈರಿನ ದುಡ್ಡು ಉಳಿಸಲು ನ್ಯೂಟ್ರಲ್‌ನಿಂದ (ಕರೆಂಟ್ ವಾಪಸ್ ಹೋಗುವ ವೈರು) ತುಂಡು ವೈರು ಎಳೆದು ಅಲ್ಲಿಗೆ ಸಿಕ್ಕಿಸುತ್ತಾರೆ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಸರಿಯಾಗಿರುವ ಫ್ರಿಜ್ಜಿನ ಬಾಡಿಗೂ 230 ವೋಲ್ಟ್ ಬರುತ್ತದೆ! ಇದು ಕೊಲೆಗೆ ಸಮ.

ಅರ್ಥ್ ವೈರನ್ನು ನೆಲಕ್ಕೆ ಸೇರಿಸುವ ಪೈಪ್ ಅರ್ಥಿಂಗ್‌ಗೆ 40 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಎರಡೂವರೆ ಮೀಟರ್ ಆಳಕ್ಕೆ ಇಳಿಯಬೇಕು. ಇಲ್ಲಿ ಎರಡಡಿ ರಾಡ್ ಬಡಿದು ಬಿಲ್ ಮಾಡುತ್ತಾರೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಕೂಲರ್ ಓಡುವುದೂ ಆಗಲೇ. ಅರ್ಥ್ ರೆಸಿಸ್ಟೆನ್ಸ್ (ನೆಲಕ್ಕಿಳಿಯುವ ಕರೆಂಟಿಗೆ ಆಗುವ ತಡೆ) 20 ಓಮ್ ಆದರೆ 230 ವೋಲ್ಟ್‌ಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ 16 ಆಂಪಿಯರ್ ಎಂಸಿಬಿ ಸ್ವಿಚ್ ಇಷ್ಟಕ್ಕೆ ಬೀಳುವುದಿಲ್ಲ, ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಆದ್ದರಿಂದ ಅರ್ಥಿಂಗ್ ಪೈಪಿನ ಗುಂಡಿಗೆ ನೀರು ಹಾಕುತ್ತಿರಬೇಕು, ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಬೇಕೇ ಬೇಕು. ಅಷ್ಟು ಸೋರಿಕೆಗೇ ಅದು ತಟ್ಟನೆ ಬೀಳುತ್ತದೆ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ. ಕೂಲರ್‌ಗೆ ನೀರು ತುಂಬುವಾಗ ಪ್ಲಗ್ಗನ್ನೇ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು.

ಇಷ್ಟನ್ನು ಜನಕ್ಕೆ ಹೇಳಲು ಅಧಿಕಾರಿಗಳಿಗೆ ಬಾಯಿಲ್ಲ, ಬಿಲ್ ಬಾಕಿಯಾದರೆ ಮಾತ್ರ ಕಟ್ಟಿಂಗ್ ಪ್ಲೇಯರ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಓಣಿಯ ಟಿಸಿಯ (ಟ್ರಾನ್ಸ್‌ಫಾರ್ಮರ್) ಅರ್ಥಿಂಗ್ ಪಟ್ಟಿ ತುಕ್ಕು ತಿಂದು ತುಂಡಾಗಿದೆ, ಫ್ಯೂಸ್ ಬಾಕ್ಸ್‌ಗೆ ಬಾಗಿಲಿಲ್ಲ. ಅಲ್ಲಿ ನ್ಯೂಟ್ರಲ್ ಕಡಿದರೆ ಒಂದು ಮನೆಯಲ್ಲಿ ಬಲ್ಬು ಮಂಕು, ಪಕ್ಕದ ಮನೆಯಲ್ಲಿ ಟಿವಿ ಸುಟ್ಟು ಬೂದಿ. ಮಳೆಗಾಲದಲ್ಲಿ ಕಂಬ ಮುಟ್ಟಿ ದನ ಸತ್ತರೂ ಕೇಳುವವರಿಲ್ಲ. ಶಕ್ತಿನಗರದಿಂದ ನಾಡಿಗೆಲ್ಲ ಕರೆಂಟ್ ಕೊಡುವ ಜಿಲ್ಲೆಯ ಪಾಡು ಇದು.

ಮೊದಲು ಲೈನ್ ಕೊಡಿ. ಮನೆ ಮನೆಯ ಅರ್ಥಿಂಗ್ ಅಳೆಯಿರಿ, ಟಿಸಿಯನ್ನೂ ರಿಪೇರಿ ಮಾಡಿ. ಆಗದಿದ್ದರೆ ಸಂಬಳ ಯಾತಕ್ಕೆಂದು ಮೇಲಿನವರಾದರೂ ಕೇಳಲಿ.

– ಒಬ್ಬ ವೈರ್‌ಮನ್, ರಾಯಚೂರು