ಸೆಕೆಯ ಊರಲ್ಲಿ ಮೊದಲ ಕ್ರಿಸ್‌ಮಸ್

ಈ ವರ್ಷ ಉಷ್ಣವಲಯಕ್ಕೆ ಬಂದು ನೆಲೆಸಿರುವ ಮನೆಯವರು ದಯವಿಟ್ಟು ಗಮನಿಸಿ. ಡಿಸೆಂಬರ್ 25ಕ್ಕಾದರೂ ಚಳಿ ಬರಬಹುದೆಂದು ಕಾಯಬೇಡಿ, ಬರುವುದಿಲ್ಲ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು ಸುಮಾರು 12 ಗಂಟೆ. ನಾಲ್ಕಕ್ಕೇ ದೀಪ ಹಚ್ಚುವ ರೂಢಿ ಇಲ್ಲಿ ನಡೆಯದು. ಮೇಣದಬತ್ತಿ ಕಿಟಕಿ ಪಕ್ಕ ಬೇಡ. ನಮ್ಮದು ಮಧ್ಯಾಹ್ನದ ಬಿಸಿಲಿಗೆ ಬಾಡಿದ ದಂಟಿನ ಹಾಗೆ ಬಾಗಿ ಮೇಜಿಗೆ ಅಂಟಿಕೊಂಡಿತ್ತು. ಚಾಕೊಲೇಟ್ ಫ್ರಿಜ್‌ನಲ್ಲಿರಲಿ. ಒಲೆಯ ಕೆಲಸ ಬೆಳಗ್ಗೆಯೇ ಮುಗಿಸಿ, ಊಟ ಸಂಜೆಗೆ ಇಟ್ಟುಕೊಳ್ಳಿ. ಅಜ್ಜ ಅಜ್ಜಿಗೆ ವಿಡಿಯೋ ಕರೆ ಮಾಡುವಾಗ ಅವರ ಗಡಿಯಾರ ನೋಡಿ.

ಹಿಮ ಎಲ್ಲಿ ಎಂದು ಮಕ್ಕಳು ಅತ್ತರೆ ಗದರಬೇಡಿ, ಸ್ವಲ್ಪ ಹೊತ್ತು ಜೊತೆಗೆ ಕೂತುಕೊಳ್ಳಿ. ಹಳೇ ಮನೆಯಿಂದ ತಂದ ಗೋದಲಿಯನ್ನು ಮೊದಲು ಬಿಚ್ಚಿಡಿ. ಕಿವಿ ಮುರಿದ ಆ ಪುಟ್ಟ ಕತ್ತೆಯನ್ನು ಕೈಗೆತ್ತಿಕೊಂಡ ಮೇಲೆಯೇ ನಮ್ಮ ಮಗಳು ನಕ್ಕಿದ್ದು.