1986ರ ಎರಡು ಮಾತು

ಪ್ರೀತಿಯ ಗೆಳೆಯಾ,

ಮೊನ್ನೆ ಕಾರವಾರದಿಂದ ಶಿರಸಿ ಬಸ್ಸು ಹತ್ತಿದ ಮೇಲೂ ನಿನ್ನ ಮಾತೇ ತಲೆಯಲ್ಲಿತ್ತು. ರಕ್ಷಣೆಗೆ ಅಷ್ಟು ದುಡ್ಡು, ಶಾಲೆಗೆ ಯಾಕೆ ಇಷ್ಟೇ ಅಂತ ನಾನು ಜೋರು ಮಾಡಿದಾಗ ನೀನು "ನೌಕಾನೆಲೆಯ ದುಡ್ಡಿನ ಮೇಲೆ ಯಾಕೋ ನಿನಗೆ ಕಣ್ಣು ಮಾರಾಯಾ?" ಅಂತ ಕೇಳಿದ್ದೆ. ನೀನು ಅಲ್ಲೇ ದುಡಿಯುವವನು, ನೊಂದುಕೊಂಡೆ ಅಂತ ಗೊತ್ತು. ಅದಕ್ಕೇ ಸಮಾಧಾನವಾಗಿ ಬರೆಯುತ್ತಿದ್ದೇನೆ. ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಮೊದಲು ಲೆಕ್ಕ. 2025-26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟಿದ್ದು ಸುಮಾರು 6.81 ಲಕ್ಷ ಕೋಟಿ. ಶಾಲಾ ಶಿಕ್ಷಣಕ್ಕೆ ಸುಮಾರು 78,500 ಕೋಟಿ. ಆವತ್ತು ನಾನು ಇಷ್ಟನ್ನೇ ಹೇಳಿ ಜೋರು ಮಾಡಿದ್ದು ತಪ್ಪು. ಸೈನ್ಯ ಪೂರ್ತಿ ಕೇಂದ್ರದ್ದು, ಶಾಲೆಯ ಖರ್ಚು ಜಾಸ್ತಿ ಹೊರುವುದು ರಾಜ್ಯ. ಎರಡೂ ಕಡೆಯದನ್ನು ಕೂಡಿಸಿದರೆ ಶಿಕ್ಷಣಕ್ಕೆ ಹೋಗುವ ದುಡ್ಡು ರಕ್ಷಣೆಗಿಂತ ಹೆಚ್ಚೇ ಇದೆ. ರಕ್ಷಣೆಯ ಹಣದಲ್ಲೂ 1.6 ಲಕ್ಷ ಕೋಟಿ ಬರೀ ಪಿಂಚಣಿಗೇ ಬೇಕು. ಇದರಲ್ಲಿ ನಿನ್ನ ಮಾತು ಸರಿ.

ಆದರೆ ನನಗೆ ನೋವಾಗುವುದು ಬೇರೆ ಕಡೆ. 1986ನ್ನೇ ತಗೋ. ಅದೇ ವರ್ಷ ರಾಜೀವ್ ಗಾಂಧಿ ನಿಮ್ಮಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಅದೇ ವರ್ಷ ಅವರ ಸರ್ಕಾರ ಹೊಸ ಶಿಕ್ಷಣ ನೀತಿ ತಂದಿತು. ದೇಶದ ಆದಾಯದಲ್ಲಿ ಶೇ 6ಕ್ಕಿಂತ ಹೆಚ್ಚು ಶಿಕ್ಷಣಕ್ಕೆ ಕೊಡುತ್ತೇವೆ ಅಂತ ಅದರಲ್ಲಿ ಬರೆದಿತ್ತು. ಶೇ 6 ಅನ್ನುವುದು ಶಿಕ್ಷಣಕ್ಕೆಂದೇ ನೇಮಿಸಿದ್ದ ಕೊಠಾರಿ ಆಯೋಗ 1966ರಲ್ಲೇ ಹೇಳಿದ್ದು.

ಸೀಬರ್ಡ್‌ಗೆ ದುಡ್ಡು ಸಿಗುವುದು ತಡವಾಯಿತು. ದಿಲ್ಲಿಯಲ್ಲಿ ಎಷ್ಟೋ ಸರ್ಕಾರ ಬಂದು ಹೋದವು. ಆದರೂ ಯಾರೂ ಕೈಬಿಡಲಿಲ್ಲ. ಅರಗಾ, ಬಿಣಗಾ ಕಡೆಯ ಜನ ಮನೆ, ಗದ್ದೆ ಬಿಟ್ಟು ಎದ್ದರು. 2005ರಲ್ಲಿ ಆ ನೆಲೆ ಐಎನ್‌ಎಸ್ ಕದಂಬ ಅನ್ನುವ ಹೆಸರಲ್ಲಿ ಶುರುವಾಯಿತು. ರಷ್ಯಾದಿಂದ ಕೊಂಡ ವಿಮಾನವಾಹಕ ಹಡಗು ವಿಕ್ರಮಾದಿತ್ಯದ ಕತೆಯೂ ಹಾಗೇ ಅಲ್ವಾ? 2004ರಲ್ಲಿ ಒಪ್ಪಂದ ಆದಮೇಲೆ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಏರಿತು. ಬೇಕೇ ಬೇಕು ಅಂತ ಕೊಟ್ಟು, 2014ರಲ್ಲಿ ಕಾರವಾರಕ್ಕೆ ತಂದೆವು. ಶೇ 6ರ ಮಾತು ಮಾತ್ರ 2020ರ ಶಿಕ್ಷಣ ನೀತಿಯಲ್ಲಿ ಮತ್ತೆ ಹೊಸದಾಗಿ ಬರೆಸಿಕೊಂಡಿತು. ಇವತ್ತಿಗೂ ಅಲ್ಲಿಗೆ ಮುಟ್ಟಿಲ್ಲ.

ಇದು ಕಾಗದದ ಮೇಲಿನ ಸಂಗತಿ ಅಂತ ಅನ್ನಿಸಿದರೆ ನಮ್ಮೂರ ಶಾಲೆಗೆ ಬಂದು ನೋಡು. ಮಂಗಗಳು ಹಂಚು ಎಬ್ಬಿಸಿ ನಲಿ-ಕಲಿ ಕೋಣೆ ಎರಡು ಕಡೆ ಸೋರುತ್ತಿದೆ. ಒಂದು ಕಡೆ ಬಕೆಟ್, ಇನ್ನೊಂದು ಕಡೆ ಹಳೆಯ ಬೋಗುಣಿ. ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಬರೆಯುತ್ತಾ ಕೂತವಳು, ಬೋಗುಣಿಗೆ ಬೀಳುವ ಹನಿಯ ಸದ್ದು ಬದಲಾದ ಕೂಡಲೇ ಎದ್ದು ಹೋಗಿ ನೀರು ಚೆಲ್ಲಿ ಬರುತ್ತಾಳೆ. ಯಾರೂ ಹೇಳುವುದು ಬೇಡ. ತುಂಬಿತು ಅಂತ ಕಿವಿಗೇ ಗೊತ್ತಾಗುತ್ತದೆ ಅವಳಿಗೆ. ಆರು ವರ್ಷದ ಮಗು ಕಲಿಯಬೇಕಾದ ವಿದ್ಯೆಯೇ ಅದು?

ಗಣಿತ ಹೇಳುವ ಅಕ್ಕೋರು ಅತಿಥಿ ಶಿಕ್ಷಕಿ. ಎಷ್ಟು ಚೆಂದ ಪಾಠ ಮಾಡುತ್ತಾರೆ ಗೊತ್ತಾ, ಅಡಿಕೆ ಎಣಿಸಿಕೊಂಡು ಭಾಗಾಕಾರ ಕಲಿಸಿಬಿಟ್ಟರು. ಶಾಲೆಯ ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಮುಂದಿನ ವರ್ಷ ಮತ್ತೆ ಆದೇಶ ಬರಬೇಕು. "ಅಕ್ಕೋರೇ, ಮುಂದಿನ ವರ್ಷನೂ ಬರ್ತೀರಲ್ಲ?" ಅಂತ ಮಕ್ಕಳು ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಹಡಗಿಗೆ ಹದಿನೈದು, ಇಪ್ಪತ್ತು ವರ್ಷ ಮುಂದೆ ನೋಡಿ ಯೋಜನೆ ಹಾಕುವ ದೇಶ, ಈ ಅಕ್ಕೋರಿಗೆ ಮುಂದಿನ ಜೂನ್ ತಿಂಗಳನ್ನೂ ಖಾತ್ರಿ ಮಾಡಿ ಕೊಡುವುದಿಲ್ಲ. ನಿನ್ನ ಹಡಗಿನಿಂದ ಒಂದು ಮೊಳೆಯನ್ನೂ ನಾನು ಕೇಳುತ್ತಿಲ್ಲ ಮಾರಾಯಾ. ಅದರ ಮೇಲೆ ಇಟ್ಟ ಹಟವನ್ನು ಶಾಲೆಯ ಮೇಲೂ ಇಡಿ ಅಂತ ಕೇಳುತ್ತಿದ್ದೇನೆ.

ಮಳೆ ಹೊಳವಾದ ಮೊದಲ ಭಾನುವಾರ ಊರವರೇ ಸೇರಿ ಹಂಚು ಸರಿಮಾಡುವುದು ಅಂತಾಗಿದೆ. ಮಾಡು ಹತ್ತಲು ಹೆದರದವರು ನಮ್ಮಲ್ಲಿ ಕಡಿಮೆ. ರಜೆ ಸಿಕ್ಕರೆ ಬಾ. ಆ ಹುಡುಗಿಯ ಕೋಣೆಯಿಂದಲೇ ಶುರು ಮಾಡೋಣ.

ನಿನ್ನ ಗೆಳೆಯ